ಡೊನ್ಯಾ ಸೆನೋಬಿಯಾಳ ಪ್ಲಗ್ಗು ಮತ್ತು ನಂಟಿಲ್ಲದ ಅಧಿಕಾರಿ

ಸಾನ್ ಪೊರ್ಫಿರಿಯೊ ಪುರಸಭೆಯ ಸರಹದ್ದಿನೊಳಗೆ ವಾಸದ ಮನೆಯ ಗೋಡೆಗೆ ವಿದ್ಯುತ್ತಿನ ಉದ್ದೇಶದಿಂದ ತೂತು ಕೊರೆಯುವವರು ಮೊದಲು ಪೂರ್ವಾನುಮತಿ ಪಡೆಯತಕ್ಕದ್ದು; ಕೊರೆದು ತಂತಿ ಎಳೆದ ಮೇಲೆ ಪೂರ್ಣಗೊಂಡ ಬಗ್ಗೆ ದೃಢೀಕರಣ ಪಡೆಯತಕ್ಕದ್ದು. ಸಂತರ ಪಟ ತೂಗುಹಾಕಲು ಮೊಳೆ ಹೊಡೆಯುವುದಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಅದೇ ಸಂತರ ತಲೆಯ ಮೇಲೆ ಒಂದು ಕೆಂಪು ಬಲ್ಬು ಉರಿಸಬೇಕೆಂದರೆ ಅನ್ವಯಿಸುತ್ತದೆ. ಈ ವ್ಯತ್ಯಾಸವನ್ನು ಸಂತರು ಈವರೆಗೆ ಪ್ರಶ್ನಿಸಿಲ್ಲ.

ಡೊನ್ಯಾ ಸೆನೋಬಿಯಾ ಚುಂಪಿತಾಸ್‌ಗೆ ಬೇಕಾಗಿದ್ದದ್ದು ಒಂದೇ ಒಂದು ಪ್ಲಗ್ಗು. ಅರವತ್ತೆರಡು ವರ್ಷದ ಈ ವಿಧವೆ ಮೂವತ್ತು ಬೇಸಿಗೆ ಸಮುದ್ರದ ದಂಡೆಯಲ್ಲಿ ಕುದಿಯುವ ಎಣ್ಣೆಯ ಮುಂದೆ ನಿಂತು ಸಿಹಿಗುಂಬಳದ ಹಿಟ್ಟಿನ ಬಳೆಗಳನ್ನು ಕರಿದು ಮಾರಿದವಳು. ಎಣ್ಣೆಯ ಹೊಗೆಗೆ ಎಡಗಣ್ಣು ಮಂಜಾಗುತ್ತಾ ಬಂದಿತ್ತು. ಇನ್ನೊಂದು ಬೇಸಿಗೆ ಬಾಣಲೆ ಮುಂದೆ ನಿಂತರೆ ಆ ಕಣ್ಣಿನ ಆಸೆ ಬಿಟ್ಟುಬಿಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಆಕೆ ಮನೆಗೆ ಬಂದವಳೇ ಬಾಣಲೆಯನ್ನು ಬೋರಲು ಹಾಕಿ, ತನ್ನ ಎರಡೂ ಹಂದಿಗಳನ್ನು ಬಾಗಿಲು ಮುಚ್ಚಿದ ಐಸ್‌ಕ್ರೀಂ ಅಂಗಡಿಯವನಿಗೆ ಕೊಟ್ಟು, ಬದಲಿಗೆ ಅವನ ದೊಡ್ಡ ಫ್ರೀಜರನ್ನು ಮನೆಗೆ ಸಾಗಿಸಿಕೊಂಡಳು. ಇನ್ನು ಮುಂದೆ ತಣ್ಣಗಿರುವುದನ್ನೇ ಮಾರುವುದು ಎಂದು ತೀರ್ಮಾನ. ಉದ್ದನೆಯ ಪ್ಲಾಸ್ಟಿಕ್ ಕೊಳವೆಗೆ ಹಣ್ಣಿನ ರಸ ತುಂಬಿ ಕಲ್ಲಾಗಿಸಿದ ಐಸನ್ನು ನಮ್ಮ ಕಡೆ ಮಾರ್ಸಿಯಾನೊ ಅನ್ನುತ್ತಾರೆ. ಜನವರಿಯ ಬೇಸಿಗೆ ಬಂತೆಂದರೆ ಮಗುವಿನಿಂದ ಪಾದ್ರಿಯವರೆಗೆ ಎಲ್ಲರ ಬಾಯಲ್ಲೂ ಅದೇ.

ಫ್ರೀಜರು ಬಂತು, ಕರೆಂಟು ಸಾಲಲಿಲ್ಲ. ಮನೆಯ ಹಳೇ ತಂತಿ ಒಂದು ಬಲ್ಬು, ಒಂದು ರೇಡಿಯೊ ಎರಡಕ್ಕೇ ಏದುಸಿರು ಬಿಡುತ್ತಿತ್ತು. ವೈರಿಂಗಿನ ತೆಯೋಫಿಲೊ ಬಂದು ತಂತಿಯನ್ನು ಮೂಸಿ ನೋಡಿ ಹೇಳಿದ, "ಡೊನ್ಯಾ, ಇದಕ್ಕೆ ಫ್ರೀಜರು ಸಿಕ್ಕಿಸಿದ್ರೆ ಐಸೂ ಆಗುತ್ತೆ, ಮನೇನೂ ಬೂದಿಯಾಗುತ್ತೆ. ಹೊಸ ಲೈನು ಎಳೀಬೇಕು. ಪರವಾನಗಿ ತಗೊಂಡು ಬಾ, ಅರ್ಧ ದಿನದ ಕೆಲಸ."

ಎದುರುಮನೆಯ ನಿಕೊಲಾಸಾ ಇದನ್ನು ಕೇಳಿ ಬಾಗಿಲಲ್ಲೇ ನಿಂತು ನಕ್ಕಳು. ಈ ನಿಕೊಲಾಸಾ ಬೇರೆ ಯಾರೂ ಅಲ್ಲ, ಸೆನೋಬಿಯಾಳ ಸತ್ತ ಗಂಡನ ತಂಗಿ. ಇಬ್ಬರಿಗೂ ಮಾತಿದೆ, ಆದರೆ ಒಳ್ಳೆ ಮಾತಿಲ್ಲ. ಆ ಬೀದಿಯಲ್ಲಿ ಮಾರ್ಸಿಯಾನೊ ಮಾರುವವಳು ಅವಳೊಬ್ಬಳೇ. ಅವಳ ಫ್ರಿಜ್ಜಿಗೆ ಬೀದಿದೀಪದ ಕಂಬದಿಂದ ಕಳ್ಳತಂತಿ. ಪರವಾನಗಿಯ ನಿಯಮ ಅರ್ಜಿ ಹಾಕಿದವರಿಗೆ ಮಾತ್ರ ಅನ್ವಯಿಸುವುದರಿಂದ, ಅರ್ಜಿಯನ್ನೇ ಹಾಕದ ನಿಕೊಲಾಸಾ ಯಾವ ನಿಯಮವನ್ನೂ ಮುರಿದಿರಲಿಲ್ಲ. ಒಂದೇ ಕುಂದು. ಬೀದಿದೀಪಕ್ಕೆ ಕರೆಂಟು ಬಿಡುವುದು ಸಂಜೆ ಆರಕ್ಕೆ, ತೆಗೆಯುವುದು ಬೆಳಿಗ್ಗೆ ಆರಕ್ಕೆ. ಹಾಗಾಗಿ ಅವಳ ಐಸು ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಸಾರು. ಸಾರನ್ನೂ ಅವಳು ಅದೇ ಬೆಲೆಗೆ ಮಾರುತ್ತಿದ್ದಳು. ಹಗಲು ಹೊತ್ತು ಗಟ್ಟಿ ಐಸು ಸಿಗುವ ಮನೆಯೊಂದು ಎದುರಿಗೇ ಎದ್ದರೆ ತನ್ನ ಸಾರಿನ ಗತಿ ಏನು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿ ಪುರಸಭೆಯ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಗೃಹ ವಿದ್ಯುತ್ ಕಾಮಗಾರಿ ಉಪವಿಭಾಗದ ಇಂಜಿನಿಯರ್ ವೆನ್ಸೆಸ್ಲಾವೊ ಒಬ್ಬರಿಂದಲೂ ಒಂದು ಕಾಸು ಮುಟ್ಟಿದವರಲ್ಲ. ಅವರು ಧರ್ಮತಂದೆಯಾಗುತ್ತಿದ್ದರು, ಅಷ್ಟೆ. ನಮ್ಮಲ್ಲಿ ಮಗುವಿನ ದೀಕ್ಷಾಸ್ನಾನಕ್ಕೆ ಧರ್ಮತಂದೆ ಬೇಕು, ಮೊದಲ ಸಲ ಕೂದಲು ಕತ್ತರಿಸಲು ಬೇಕು, ಮನೆಯ ತಾರಸಿ ಹಾಕಿದರೆ ಬೇಕು, ಹೊಸ ಆಟೋ ತಂದರೆ ಬೇಕು, ಬೀದಿ ಹುಡುಗರ ಫುಟ್ಬಾಲ್ ಅಂಗಿಗಳಿಗೂ ಬೇಕು. ರಿಬ್ಬನ್ ಕಟ್ಟಿದ ಬಾಟಲಿಯನ್ನು ತೂಗುಹಾಕಿ, ಧರ್ಮತಂದೆಯ ಕೈಗೆ ಸುತ್ತಿಗೆ ಕೊಟ್ಟು ಒಡೆಸಿದರೆ ಮುಗಿಯಿತು: ಅವತ್ತಿನಿಂದ ಅವನು ನಿಮಗೆ ಕುಂಪಾ, ಹೆಂಗಸಾದರೆ ಕೊಮಾದ್ರೆ, ರಕ್ತಸಂಬಂಧಕ್ಕಿಂತ ಗಟ್ಟಿ. ಪರವಾನಗಿ ಬೇಕಾದವರು ಇಂಜಿನಿಯರರನ್ನು ಏನಾದರೊಂದಕ್ಕೆ ಧರ್ಮತಂದೆಯಾಗಿ ಕರೆದು, ಕೊತ್ತಂಬರಿ ಅರೆದು ಹಾಕಿ ಬೇಯಿಸಿದ ಬಾತುಕೋಳಿಯ ಹಸಿರು ಅನ್ನ ಬಡಿಸುವರು. ಇಂಜಿನಿಯರರು ಎರಡು ಸಲ ಬಡಿಸಿಕೊಂಡು, ಬೆರಳು ನೆಕ್ಕಿ, ಅದೇ ಬೆರಳಿನಿಂದ ಸಹಿ ಹಾಕುವರು. ಕೆಲವು ಕಡತಗಳಲ್ಲಿ ಇಂದಿಗೂ ಕೊತ್ತಂಬರಿಯ ವಾಸನೆ ಇದೆ. ಹೀಗೆ ಹದಿನೆಂಟು ವರ್ಷದಲ್ಲಿ ಅವರು ಇಡೀ ಊರಿಗೆ ನೆಂಟರಾಗಿದ್ದರು. ಸೆನೋಬಿಯಾಳ ಹಂದಿಗೂಡಿನ ತಗಡಿಗೂ ಅವರೇ ಧರ್ಮತಂದೆ.

ಆದ್ದರಿಂದ ಆಕೆ ಒಂದು ಬಾತುಕೋಳಿಯನ್ನು ನೋಡಿಟ್ಟು ನೆಮ್ಮದಿಯಾಗಿದ್ದಳು. ಅಷ್ಟರಲ್ಲಿ ರಾಜಧಾನಿಯಿಂದ ಒಂದು ಸುತ್ತೋಲೆ ಬಂತು.

"ರಕ್ತದಿಂದಾಗಲಿ, ವಿವಾಹದಿಂದಾಗಲಿ, ಪವಿತ್ರ ಜಲದಿಂದಾಗಲಿ, ಸುತ್ತಿಗೆ ಮತ್ತು ಬಾಟಲಿಯಿಂದಾಗಲಿ ಅರ್ಜಿದಾರರಿಗೆ ನೆಂಟರಾದ ಯಾವ ನೌಕರನೂ ಸದರಿ ಅರ್ಜಿದಾರರ ಕಡತವನ್ನು ಮುಟ್ಟತಕ್ಕದ್ದಲ್ಲ. ನೆಂಟರ ನೆಂಟರೂ ನೆಂಟರೇ ಎಂದು ಪರಿಗಣಿಸತಕ್ಕದ್ದು."

ಸೆನೋಬಿಯಾ ಅರ್ಜಿ ಹಿಡಿದು ಕಚೇರಿಗೆ ಹೋದಾಗ ಗುಮಾಸ್ತೆ ಪ್ರುಡೆನ್ಸಿಯಾ ಕುರ್ಚಿ ಸಮೇತ ಹಿಂದಕ್ಕೆ ಸರಿದಳು.

"ಅಯ್ಯೋ ಕೊಮಾದ್ರೆ, ಹತ್ರ ಬರಬೇಡಿ! ನನ್ನ ಮಗಳ ಮೊದಲ ಕೂದಲು ಕತ್ತರಿಸಿದ್ದು ನೀವೇ ಅಲ್ವಾ?"

"ಹೌದು. ಹೇನು ತುಂಬಿತ್ತು."

"ಅಂದ್ಮೇಲೆ ನಾವು ನೆಂಟರು. ನಿಮ್ಮ ಕಾಗದ ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ."

"ಮತ್ತೆ ಯಾರೇ ಮುಟ್ತಾರೆ?"

"ಯಾರೂ ಮುಟ್ಟೋ ಹಾಗಿಲ್ಲ. ಅದಕ್ಕೇ ನೋಡಿ, ಆಫೀಸು ಎಷ್ಟು ಚೊಕ್ಕಟವಾಗಿದೆ."

ನಿಜವಾಗಿಯೂ ಚೊಕ್ಕಟವಾಗಿತ್ತು. ನಲವತ್ತು ಮಂದಿ ನೌಕರರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತಿದ್ದರು. ಇಂಜಿನಿಯರ್ ವೆನ್ಸೆಸ್ಲಾವೊ ಮೂರೇ ವಾರಕ್ಕೆ ಬಡಕಲಾಗಿ, ಬೆಲ್ಟಿಗೆ ಹೊಸ ತೂತು ಕೊರೆಸಿಕೊಂಡಿದ್ದರು. ಆ ತೂತಿಗೆ ಅನುಮತಿ ಬೇಕಿರಲಿಲ್ಲ.

ಸೆಪ್ಟೆಂಬರ್ ಕಳೆಯಿತು. ಫ್ರೀಜರಿನೊಳಗೆ ಸೆನೋಬಿಯಾ ಕಂಬಳಿಗಳನ್ನು ಇಟ್ಟುಕೊಂಡಳು. "ಏನಕ್ಕಾ, ಬೀರು ಚೆನ್ನಾಗಿದೆ!" ಎಂದು ನಿಕೊಲಾಸಾ ಬೀದಿಯ ಆಚೆಯಿಂದ ಕೂಗುವಳು. "ಕನ್ನಡಿ ಒಂದು ಹಾಕಿಸಿಬಿಡು!" ಸೆನೋಬಿಯಾ ಬೋರಲು ಹಾಕಿದ್ದ ಬಾಣಲೆಯನ್ನು ನೋಡುವಳು, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡುವಳು, ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡುವಳು.

ಅಕ್ಟೋಬರ್ ಮೊದಲ ವಾರ ಪುರಸಭೆ ತನ್ನ ನೌಕರರ ಪಟ್ಟಿಯನ್ನು ಜಾಲಾಡಿ, ಊರಿನಲ್ಲಿ ಯಾರಿಗೂ ಯಾವ ರೀತಿಯಲ್ಲೂ ನೆಂಟನಲ್ಲದ ಒಬ್ಬನೇ ಒಬ್ಬನನ್ನು ಪತ್ತೆ ಮಾಡಿತು. ಆತ ಸ್ಮಶಾನದ ಕಾವಲುಗಾರ ಅತನಾಸಿಯೊ ಮಲ್ಪಾರ್ತಿದಾ. ಬೆಟ್ಟದ ಮೇಲಿನ ಯಾವುದೋ ಊರಿನಿಂದ ಒಂಟಿಯಾಗಿ ಬಂದವನು. ಮೂವತ್ತೊಂದು ವರ್ಷದಿಂದ ಗೋರಿಗಳ ಲೆಕ್ಕ ಇಡುತ್ತಿದ್ದ. ಮದುವೆಯಿಲ್ಲ. ಸ್ಮಶಾನದವನ ಕೈಯಲ್ಲಿ ಬಾಟಲಿ ಒಡೆಸಿದರೆ ಮನೆಗೆ ಒಳ್ಳೆಯದಾಗುತ್ತದೆಯೇ? ಆದ್ದರಿಂದ ಒಂದು ಕೋಳಿಗೂಡಿಗೂ ಅವನನ್ನು ಯಾರೂ ಕರೆದಿರಲಿಲ್ಲ. ಪುರಸಭೆ ತಮಟೆ ಹೊಡೆಸಿ ಸಾರಿತು:

"ಶ್ರೀ ಅತನಾಸಿಯೊ ಅವರನ್ನು ಗೃಹ ವಿದ್ಯುತ್ ಕಾಮಗಾರಿಯ ಪ್ರಭಾರ ಅಧಿಕಾರಿಯನ್ನಾಗಿ ನೇಮಿಸಲಾಗಿದೆ. ವಿದ್ಯುತ್ತಿನ ಬಗ್ಗೆ ಅವರಿಗೆ ಏನೂ ತಿಳಿಯದಿರುವುದು ಅವರ ನಿಷ್ಪಕ್ಷಪಾತಕ್ಕೆ ಸಾಕ್ಷಿ. ಅವರ ನಂಟಿಲ್ಲದಿರುವಿಕೆ ಇಂದಿನಿಂದ ಪುರಸಭೆಯ ಸ್ವತ್ತು. ಅವರನ್ನು ಯಾವ ಸಮಾರಂಭಕ್ಕೂ ಕರೆಯತಕ್ಕದ್ದಲ್ಲ, ಅವರಿಗೆ ಊಟ ಹಾಕತಕ್ಕದ್ದಲ್ಲ, ಅವರೊಡನೆ ಕಾರಣವಿಲ್ಲದೆ ನಗತಕ್ಕದ್ದಲ್ಲ. ಪ್ರತಿ ಅರ್ಜಿದಾರರೂ ತಮಗೂ ಅಧಿಕಾರಿಗೂ ನಡುವೆ ಪ್ರೀತಿ, ವಿಶ್ವಾಸ, ಹಂಗು, ದಾಕ್ಷಿಣ್ಯ ಇವು ಯಾವುವೂ ಇಲ್ಲವೆಂದು ವಾರಕ್ಕೊಮ್ಮೆಯಂತೆ ಆರು ವಾರ, ಇಬ್ಬರು ಸಾಕ್ಷಿಗಳ ಎದುರು, ಬಾಯಿಮಾತಿನಲ್ಲಿ ದೃಢಪಡಿಸತಕ್ಕದ್ದು. ಮಾತು ಬಾರದವರು ಕಲ್ಲೆಸೆಯಬಹುದು, ಕಲ್ಲು ತಗಲಕೂಡದು."

ಬಾಯಿಮಾತಿನಲ್ಲಿ ದೃಢಪಡಿಸುವುದೆಂದರೆ ಬೈಯುವುದು ಎಂದು ಊರು ಅರ್ಥ ಮಾಡಿಕೊಂಡಿತು. ಬೈದದ್ದನ್ನು ಬರೆಯಲು ಛಾಪಾ ಕಾಗದ ಬೇಕು, ಅದು ಮೇಯರ್ ಹೆಂಡತಿಯ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ. ಬೈಯಲು ಬಾರದ ಸಭ್ಯಸ್ಥರಿಗಾಗಿ ಇಂಜಿನಿಯರ್ ವೆನ್ಸೆಸ್ಲಾವೊ ತಮ್ಮ ಮನೆಯಲ್ಲೇ ತರಬೇತಿ ಶಿಬಿರ ತೆರೆದರು. ಶುಲ್ಕವಿಲ್ಲ, ಬಂದವರು ಮಧ್ಯಾಹ್ನದ ಊಟ ತಂದರೆ ಸಾಕು. ಬೆಲ್ಟು ಮತ್ತೆ ಹಳೆಯ ತೂತಿಗೆ ಬಂತು.

ಸೆನೋಬಿಯಾಗೆ ತರಬೇತಿ ಬೇಕಿರಲಿಲ್ಲ.

ಮೊದಲ ಮಂಗಳವಾರ ಅತನಾಸಿಯೊ ಗೋರಿ ಅಳೆಯುವ ಹಗ್ಗವನ್ನು ಭುಜಕ್ಕೆ ಹಾಕಿಕೊಂಡು ಬಂದ. ಸೊರಗಿದ ಉದ್ದನೆಯ ಆಳು, ಕಪ್ಪು ಕೋಟು. ಫ್ರೀಜರಿನ ಉದ್ದ ಅಗಲ ಆಳ ಅಳೆದ. "ಏಳಡಿ. ಒಬ್ಬರಿಗೆ ಧಾರಾಳ," ಎಂದು ಗೊಣಗಿ ಬರೆದುಕೊಂಡ. ಆಮೇಲೆ ತನಗೆ ಗೊತ್ತಿದ್ದ ಏಕೈಕ ನಮೂನೆಯನ್ನು, ಗೋರಿ ಬಾಡಿಗೆಯದನ್ನು, ತೆರೆದು ಕೇಳಿದ, "ಶಾಶ್ವತವೋ, ಐದು ವರ್ಷಕ್ಕೋ?"

"ಏನಯ್ಯಾ ಶಾಶ್ವತ?"

"ಸಂಪರ್ಕ. ಐದು ವರ್ಷದ್ದಾದ್ರೆ ಅವಧಿ ಮುಗಿದ ಮೇಲೆ ಮೂಳೆ ಹೊರಗೆ ತೆಗೀಬೇಕಾಗುತ್ತೆ."

"ಶಾಶ್ವತ ಅಂತ ಬರಿ."

ಬರೆದುಕೊಂಡ. ಸಾಕ್ಷಿಗಳಾದ ಆಟೋದವನೂ ರೊಟ್ಟಿಯಂಗಡಿಯವನೂ ಗಂಟಲು ಸರಿಮಾಡಿಕೊಂಡರು. ಸೆನೋಬಿಯಾ ಸೊಂಟಕ್ಕೆ ಕೈ ಕೊಟ್ಟು ಶುರುಮಾಡಿದಳು.

"ಲೋ ಅತನಾಸಿಯೊ, ನಿನ್ನ ಮುಖ ನೋಡಿದ್ರೆ ಸತ್ತೋರೂ ಆಕಡೆ ಮಗ್ಗುಲಿಗೆ ತಿರುಗ್ತಾರೆ ಕಣೋ. ನೀನು ನಡೆದು ಬರೋದು ನೋಡಿದ್ರೆ ಒಣಗಹಾಕಿದ ಪ್ಯಾಂಟು ಕ್ಲಿಪ್ಪು ಬಿಚ್ಕೊಂಡು ಬಂದ ಹಾಗಿದೆ."

"ಮುಂದುವರಿಸಿ," ಎಂದ ಅತನಾಸಿಯೊ, ಪೆನ್ಸಿಲು ಹಿಡಿದು.

"ಮೂವತ್ತು ವರ್ಷ ಹೆಣ ಕಾದು ಒಂದು ಹೆಣವಾದ್ರೂ ನಿನ್ನ ಜೊತೆ ಮಾತಾಡಿದೆಯೇನೋ?"

ಆತ ಸ್ವಲ್ಪ ಯೋಚಿಸಿದ. "ಇಲ್ಲ. ಆದರೆ ನೀವು ಕರಿದ ಬಳೆ ತಿಂದು ಬಂದವರು ಇಬ್ಬರಿದ್ದಾರೆ. ಮೂರನೇ ಸಾಲಿನಲ್ಲಿ."

ಆಟೋದವನು ಬಿದ್ದು ಬಿದ್ದು ನಕ್ಕ. ನಗುವುದು ನಿಷಿದ್ಧ ಎಂದು ನೆನಪಾಗಿ ಕೆಮ್ಮಿದ. ಅತನಾಸಿಯೊ ಕಾಗದದ ಮೇಲೆ "ದ್ವೇಷ ತೃಪ್ತಿಕರ" ಎಂದು ಷರಾ ಬರೆದು ಹೋದ. ಸೆನೋಬಿಯಾ ಬಾಗಿಲು ಹಾಕಿಕೊಂಡು, ಮೂರನೇ ಸಾಲು, ಮೂರನೇ ಸಾಲು ಎಂದು ಒಬ್ಬಳೇ ಗೊಣಗುತ್ತಾ ಓಡಾಡಿದಳು. ಮೂವತ್ತು ವರ್ಷದಲ್ಲಿ ಅವಳಿಗೆ ಯಾವ ಗಂಡಸೂ ತಿರುಗಿ ಉತ್ತರ ಕೊಟ್ಟಿರಲಿಲ್ಲ. ಸತ್ತ ಗಂಡ, ಪಾಪ, ತಲೆ ತಗ್ಗಿಸಿ ಕೇಳಿಸಿಕೊಂಡು ಮಲಗಿಬಿಡುತ್ತಿದ್ದ.

ಎರಡನೆಯ ಮಂಗಳವಾರಕ್ಕೆ ಅವಳು ಬೈಗುಳಗಳನ್ನು ಮುಂಚಿತವಾಗಿ ಯೋಚಿಸಿಟ್ಟುಕೊಂಡಿದ್ದಳು. ಮೂರನೆಯ ವಾರ ಆತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ನಾಲ್ಕನೆಯ ವಾರ ಸಾಕ್ಷಿಗಳು ಮನೆಯಿಂದ ಕುರ್ಚಿ ತಂದರು, ಸಾಕ್ಷಿಗಳಲ್ಲದವರು ಮೋಟುಗೋಡೆ ಏರಿ ಕೂತರು.

"ಅಂಗಿಯ ಗುಂಡಿ ಕೂಡ ನಿನ್ನ ಸಹವಾಸ ಬೇಡ ಅಂತ ಓಡಿಹೋಗಿದೆಯಲ್ಲೋ!" ಎಂದಳು ಸೆನೋಬಿಯಾ.

ಐದನೆಯ ವಾರ ಗುಂಡಿ ಇತ್ತು. ಬಿಳಿ ಅಂಗಿಗೆ ಕೆಂಪು ದಾರದಲ್ಲಿ ಹೊಲಿದದ್ದು, ಗಂಡಸಿನ ಹೊಲಿಗೆ, ಗಂಟು ಹೊರಗೆ. ಅದನ್ನು ನೋಡಿ ಅವಳಿಗೆ ತಕ್ಷಣ ಬೈಗುಳ ಹೊಳೆಯಲಿಲ್ಲ. ಎರಡು ನಿಮಿಷ ಮೌನವಾಯಿತು. ಆ ಮೌನವನ್ನು ಏನೆಂದು ದಾಖಲಿಸಬೇಕೆಂದು ಸಾಕ್ಷಿಗಳಿಗೆ ತಿಳಿಯದೆ "ಕೋಪದಿಂದ ಮಾತು ನಿಂತಿತು" ಎಂದು ಬರೆಸಿದರು. ನೋಡಿದವರು ಬೇರೆಯೇ ಹೇಳುತ್ತಾರೆ. ಹೇಳುವವರು ಏನಾದರೂ ಹೇಳಿಕೊಳ್ಳಲಿ.

ನಿಕೊಲಾಸಾಗೆ ಅಷ್ಟು ಸಾಕಾಗಿತ್ತು. ಇನ್ನೊಂದೇ ವಾರ. ಆರನೆಯ ಬೈಗುಳ ಮುಗಿದರೆ ಎದುರುಮನೆಗೆ ಸಹಿ, ತನ್ನ ಸಾರಿಗೆ ಸಮಾಧಿ. ಅವಳು ಸುತ್ತೋಲೆಯನ್ನು ತರಿಸಿ ಓದಿಸಿದಳು: ನೆಂಟರ ನೆಂಟರೂ ನೆಂಟರೇ. ತಾನು ಸೆನೋಬಿಯಾಳ ನಾದಿನಿ. ತನಗೆ ಅತನಾಸಿಯೊ ಕುಂಪಾ ಆದರೆ ಸೆನೋಬಿಯಾಗೂ ನೆಂಟನಾದ ಹಾಗೆ, ಕಡತ ಮುಟ್ಟುವ ಹಾಗಿಲ್ಲ. ಸಮಾರಂಭಕ್ಕೆ ಕರೆದದ್ದಕ್ಕೆ ದಂಡ ಬೀಳುವುದು ಕರೆದವರಿಗೆ. ಅಷ್ಟು ದಂಡ ಒಂದು ದಿನದ ಸಾರಿನಲ್ಲಿ ಹುಟ್ಟುತ್ತದೆ. ಭಾನುವಾರ ಬೆಳಿಗ್ಗೆ ಅವಳ ತಾರಸಿಯ ಮೇಲೆ ಹೊಸ ಕಪ್ಪು ನೀರಿನ ತೊಟ್ಟಿ ಕೂತಿತು. ತೊಟ್ಟಿಯ ನಲ್ಲಿಗೆ ರಿಬ್ಬನ್ನು, ರಿಬ್ಬನ್ನಿಗೆ ಬಾಟಲಿ. ಪೂಜೆ ಮುಗಿಸಿ ಚರ್ಚಿನಿಂದ ಬಂದವರೆಲ್ಲ ನೋಡುತ್ತಿದ್ದ ಹಾಗೆಯೇ ಅತನಾಸಿಯೊ ಕಪ್ಪು ಕೋಟಿನ ಜೇಬಿಗೆ ಒಂದು ಹೂವು ಸಿಕ್ಕಿಸಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು, ಏಣಿ ಹತ್ತುತ್ತಿದ್ದ.

ಸೆನೋಬಿಯಾ ತಲೆಗೆ ಟವೆಲು ಸುತ್ತಿದ್ದ ಹಾಗೇ ಬೀದಿಗೆ ಓಡಿಬಂದಳು.

"ಇಳಿಯೋ ಕೆಳಗೆ!"

ಆತ ಏಣಿಯ ಮೇಲಿನಿಂದ ತಿರುಗಿ ನೋಡಿದ. "ಇವತ್ತು ಮಂಗಳವಾರ ಅಲ್ಲ ಡೊನ್ಯಾ. ಬೈಗುಳ ದಾಖಲಾಗೋದಿಲ್ಲ."

"ದಾಖಲೆ ಮನೆ ಹಾಳಾಗ! ಆ ಬಾಟಲಿ ಒಡೆದ್ರೆ ನನ್ನ ಫ್ರೀಜರು ಬೀರುವಾಗೇ ಉಳಿಯುತ್ತೆ ಕಣೋ! ನಾನು ಮತ್ತೆ ಎಣ್ಣೆ ಮುಂದೆ ನಿಲ್ಲಬೇಕು. ಈ ಕಣ್ಣು ನೋಡು. ಇದು ಹೋಗುತ್ತೆ!"

"ಅಕ್ಕನ ಮಾತು ಕೇಳಬೇಡಿ ಕುಂಪಾ," ಎಂದಳು ನಿಕೊಲಾಸಾ ಏಣಿಯ ಬುಡ ಹಿಡಿದು. "ಒಡೀರಿ, ಒಡೀರಿ. ತೊಟ್ಟಿಗೆ ನಿಮ್ಮ ಹೆಸರೇ ಇಡ್ತೀನಿ."

ಅತನಾಸಿಯೊ ಸುತ್ತಿಗೆಯನ್ನು ಎದೆಗೆ ಒತ್ತಿಕೊಂಡ. ತಗ್ಗಿದ ದನಿಯಲ್ಲಿ ಹೇಳಿದ, ಆದರೂ ಬೀದಿಗೆಲ್ಲ ಕೇಳಿಸಿತು. "ಮೂವತ್ತೊಂದು ವರ್ಷ ಡೊನ್ಯಾ. ಎಲ್ಲರ ತಾರಸಿ ಮೇಲೂ ಬಾಟಲಿ ಒಡೆಯೋ ಸದ್ದು ನನ್ನ ಸ್ಮಶಾನಕ್ಕೆ ಕೇಳಿಸುತ್ತೆ. ನನ್ನನ್ನ ಯಾರಾದ್ರೂ ಕುಂಪಾ ಅಂದದ್ದು ಇವತ್ತೇ ಮೊದಲು."

ಸೆನೋಬಿಯಾ ಏಣಿಯ ಹತ್ತಿರ ಬಂದಳು, ಕೂಗುವುದನ್ನು ನಿಲ್ಲಿಸಿ ಹೇಳಿದಳು. "ಅವಳು ಕರೆದದ್ದು ನಿನ್ನನ್ನಲ್ಲ ಕಣಯ್ಯಾ, ನಿನ್ನ ಸೀಲನ್ನ. ನಂಬಿಕೆ ಇಲ್ವಾ? ಬಿಸಿಲಲ್ಲಿ ಬಂದಿದೀಯ. ಆ ತೊಟ್ಟಿಯಿಂದ ಒಂದು ಲೋಟ ನೀರು ಕೇಳು, ನೋಡೋಣ."

ಅತನಾಸಿಯೊ ಕೆಳಗೆ ಬಗ್ಗಿ, "ಕೊಮಾದ್ರೆ, ಒಂದು ಲೋಟ ನೀರು ಸಿಗುತ್ತಾ?" ಎಂದ.

"ಮೊದಲು ಬಾಟಲಿ ಒಡಿ," ಎಂದಳು ನಿಕೊಲಾಸಾ. "ಆಮೇಲೆ ನೀರು."

ಆತ ಒಂದೊಂದೇ ಮೆಟ್ಟಿಲು ಇಳಿದ. ಸುತ್ತಿಗೆಯನ್ನು ನಿಕೊಲಾಸಾಳ ಕೈಗಿಟ್ಟು, ಜೇಬಿನ ಹೂವನ್ನು ತೆಗೆದು ಏನು ಮಾಡಬೇಕೆಂದು ತೋಚದೆ ಮತ್ತೆ ಜೇಬಿಗೇ ಇಟ್ಟುಕೊಂಡ. ಸೆನೋಬಿಯಾ ಮನೆಯೊಳಗೆ ಹೋಗಿ ಒಂದು ಲೋಟ ನೀರು ತಂದು ಅವನ ಮುಂದೆ ಹಿಡಿದಳು. ಆತ ನಿಂತಲ್ಲೇ ಕುಡಿದ.

ಈ ಲೋಟದ ಬಗ್ಗೆ ಸೋಮವಾರ ಪುರಸಭೆಯಲ್ಲಿ ವಿಚಾರಣೆ ನಡೆಯಿತು. ನೀರು ಕೊಟ್ಟದ್ದು ವಿಶ್ವಾಸದ ಲಕ್ಷಣವಾಗಿದ್ದು ಸೆನೋಬಿಯಾಳ ಅರ್ಜಿಯನ್ನು ವಜಾ ಮಾಡತಕ್ಕದ್ದೆಂದು ನಿಕೊಲಾಸಾಳ ದೂರು. ಕಡತ ಮುಟ್ಟುವ ಹಾಗಿಲ್ಲದ ಪ್ರುಡೆನ್ಸಿಯಾ ಪೆನ್ನಿನ ತುದಿಯಿಂದ ಹಾಳೆ ತಿರುಗಿಸುತ್ತಾ ಸಾಕ್ಷಿಗಳನ್ನು ಕೇಳಿದಳು.

"ಲೋಟ ಹೇಗೆ ಕೊಟ್ಟರು?"

"ಕುಕ್ಕಿದರು," ಎಂದ ಆಟೋದವನು. "ಅರ್ಧ ನೀರು ಅವನ ತೋಳಿಗೇ ಚೆಲ್ಲಿತು."

"ಕೊಡುವಾಗ ಏನಂದರು?"

"'ಕುಡಿದು ಸಾಯಿ' ಅಂದರು."

"ನೀರು ತಣ್ಣಗಿತ್ತಾ?"

"ಎಲ್ಲಿಂದ ಬರಬೇಕು ತಣ್ಣಗೆ? ಫ್ರೀಜರಿಗೆ ಕರೆಂಟೇ ಇಲ್ಲವಲ್ಲ!"

ನೀರು ಉಗುರುಬೆಚ್ಚಗಿದ್ದುದರಿಂದ ಪ್ರೀತಿ ಸಾಬೀತಾಗಲಿಲ್ಲವೆಂದು ತೀರ್ಪಾಯಿತು. ಕಳ್ಳತಂತಿಯ ವಿಷಯ ವಿಚಾರಣೆಯಲ್ಲಿ ಬರಲೇ ಇಲ್ಲ, ಅದರ ಬಗ್ಗೆ ಅರ್ಜಿ ಇರಲಿಲ್ಲವಲ್ಲ.

ಆರನೆಯ ಮಂಗಳವಾರದ ಬೈಗುಳವನ್ನು ಬೀದಿಯವರು ಇಂದಿಗೂ ನೆನೆಸಿಕೊಳ್ಳುತ್ತಾರೆ. ಅದನ್ನು ಬರೆಯಲು ಎರಡು ಛಾಪಾ ಕಾಗದ ಹಿಡಿಯಿತು, ಮೇಯರ್ ಹೆಂಡತಿಗೆ ಬಹಳ ಸಂತೋಷವಾಯಿತು. ಅತನಾಸಿಯೊ ಕೊನೆಯವರೆಗೂ ಕೇಳಿಸಿಕೊಂಡು, ಸೀಲಿಗೆ ಬಾಯಿಂದ ಹಾ ಎಂದು ಉಸಿರು ಬಿಟ್ಟು, ಒತ್ತಿದ. ಸ್ಮಶಾನದ ನಮೂನೆಯೇ ಆದ್ದರಿಂದ ಪರವಾನಗಿಯಲ್ಲಿ ಹೀಗಿದೆ: "ಮೇಲ್ಕಂಡ ಸೆನೋಬಿಯಾ ಅವರಿಗೆ ಮೇಲ್ಕಂಡ ಜಾಗದಲ್ಲಿ ಶಾಶ್ವತ ವಿದ್ಯುತ್ತು ದೊರೆಯಲಿ. ಕುಟುಂಬದವರಿಗೆ ದೇವರು ಧೈರ್ಯ ಕೊಡಲಿ."

ಮಾರನೆಯ ದಿನ ತೆಯೋಫಿಲೊ ಬಂದು ಅರ್ಧ ದಿನದಲ್ಲಿ ಕೆಲಸ ಮುಗಿಸಿದ. ಪ್ಲಗ್ಗು ಸಿಕ್ಕಿಸಿದಾಗ ಫ್ರೀಜರು ಒಮ್ಮೆ ಗುಡುಗಿ, ನಡುಗಿ, ಮಿಡಿಯತೊಡಗಿತು. ಸೆನೋಬಿಯಾ ಕಂಬಳಿಗಳನ್ನು ತೆಗೆಯುವುದನ್ನು ಮರೆತಿದ್ದಳು. ಆ ಊರಿನಲ್ಲಿ ಕಂಬಳಿ ಮಂಜುಗಟ್ಟಿದ್ದು ಅದೇ ಮೊದಲು. ಡಿಸೆಂಬರ್ ಮಧ್ಯದಿಂದ ಅವಳು ನೆರಳಿನಲ್ಲಿ, ಬೆತ್ತದ ಕುರ್ಚಿಯಲ್ಲಿ ಕೂತು, ನಡುಮಧ್ಯಾಹ್ನಕ್ಕೂ ಕಲ್ಲಿನಂತಿರುವ ಮಾರ್ಸಿಯಾನೊ ಮಾರಿದಳು. ಕಡಲೆಕಾಯಿಯದು, ಮಾವಿನದು, ಹುಳಿಹಣ್ಣಿನದು. ಕಣ್ಣು ಇನ್ನಷ್ಟು ಮಂಜಾಗಲಿಲ್ಲ. ನಿಕೊಲಾಸಾ ಸಾರಿನ ಬೆಲೆ ಇಳಿಸಿದಳು. ಸ್ವಲ್ಪ ದಿನದ ಮೇಲೆ ಬೀದಿ ಖಾಲಿಯಿದ್ದ ಹೊತ್ತು ನೋಡಿ ಬಂದು, ಒಂದು ಮಾವಿನದು ಕೊಂಡು, ಬಾಗಿಲು ಹಾಕಿಕೊಂಡು ತಿಂದಳು.

ನಿಯಮದಂತೆ ತೊಂಬತ್ತು ದಿನದ ಮೇಲೆ ಕೆಲಸ ಪೂರ್ಣಗೊಂಡ ದೃಢೀಕರಣಕ್ಕೆ ಎರಡನೆಯ ಸಹಿ. ಅಲ್ಲಿಯವರೆಗೆ ಮಂಗಳವಾರದ ಬೈಗುಳ ಮುಂದುವರಿಯಿತು. ನೋಡಲು ಬಂದವರು ಐಸು ಕೊಂಡು ನೋಡಿದರು. ಮಾರ್ಚ್ ತಿಂಗಳಲ್ಲಿ ಅತನಾಸಿಯೊ ಎರಡನೆಯ ಸೀಲು ಒತ್ತಿ, ಮಸಿ ಆರಲೆಂದು ಕಾದು, ಕಾಗದವನ್ನು ಅವಳಿಗೆ ಕೊಟ್ಟು, ಹೋಗದೆ ನಿಂತ.

"ಈಗ ನಮ್ಮಿಬ್ಬರ ಮಧ್ಯೆ ಯಾವ ಕಡತವೂ ಬಾಕಿ ಇಲ್ಲ," ಎಂದ.

"ಅದಕ್ಕೆ?"

"ನೆಂಟರಾಗೋದಕ್ಕೆ ನನ್ನ ಕಡೆಯಿಂದ ಅಭ್ಯಂತರ ಇಲ್ಲ."

"ಫ್ರೀಜರಿಗೆ ಧರ್ಮತಂದೆ ಆಗ್ತೀಯಾ?"

"ಅದಕ್ಕಿಂತ ಹತ್ತಿರದ ನೆಂಟಸ್ತನ ಇದ್ದರೆ ನೋಡಿ ಅಂದೆ."

ಸೆನೋಬಿಯಾ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅಂಗಿ ಇಸ್ತ್ರಿ ಮಾಡೋರು ಯಾರು?"

"ನಾನೇ."

"ಸ್ಮಶಾನದ ಬೂಟು ಹೊರಗೆ ಬಿಡಬೇಕು."

"ಬಿಡ್ತೀನಿ."

"ಹಾಗಾದ್ರೆ ಪಾದ್ರಿಗೆ ಹೇಳು, ಬಡಕಲು ಮುಂಡೇದೇ."

ಪಾದ್ರಿ ಭಾನುವಾರ ಮದುವೆಯ ಸೂಚನೆ ಓದಿದ್ದೇ ತಡ, ಸೋಮವಾರ ಬೆಳಿಗ್ಗೆ ಪುರಸಭೆಯ ಮುಂದೆ ನಾನೂರ ಹದಿನೆಂಟು ಮಂದಿ ನೆರೆದರು. ಎಲ್ಲರೂ ತಮ್ಮ ಸರದಿಗೆ ಕಾದಿದ್ದ ಅರ್ಜಿದಾರರು. ಒಬ್ಬನಿಗೆ ಗಿರಣಿ ಮೋಟಾರು, ಒಬ್ಬಳಿಗೆ ಹೊಲಿಗೆಯಂತ್ರ, ಇನ್ನೊಬ್ಬರಿಗೆ ಬರೀ ಸ್ನಾನದ ಮನೆಗೊಂದು ಬಲ್ಬು. ಸೆನೋಬಿಯಾ ಈ ನಾನೂರ ಹದಿನೆಂಟು ಮಂದಿಗೂ ಒಂದಲ್ಲ ಒಂದು ರೀತಿಯಲ್ಲಿ ನೆಂಟಳು. ಅವಳನ್ನು ಮದುವೆಯಾದ ಗಳಿಗೆಯಲ್ಲಿ ಅತನಾಸಿಯೊ ಇಡೀ ಊರಿಗೆ ನೆಂಟ, ಊರು ಕತ್ತಲು. ಸಭೆ ಮೂರು ಗಂಟೆ ನಡೆದು ಒಮ್ಮತದ ಠರಾವು ಪಾಸಾಯಿತು:

"ಸದರಿ ಇಬ್ಬರ ವಿವಾಹಕ್ಕೆ ಪುರಸಭೆ ಹೃತ್ಪೂರ್ವಕವಾಗಿ ಶುಭ ಕೋರುತ್ತದೆ, ಮತ್ತು ಬಾಕಿ ಅರ್ಜಿಗಳ ವಿಲೇವಾರಿ ಮುಗಿಯುವವರೆಗೆ ಅದನ್ನು ತಡೆಹಿಡಿಯುತ್ತದೆ. ಅಂದಾಜು ಅವಧಿ: ಹನ್ನೊಂದು ವರ್ಷ."

ಅತನಾಸಿಯೊ ಠರಾವನ್ನು ಓದಿ ತಾನೇ ಸೀಲು ಒತ್ತಿದ. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಸೆನೋಬಿಯಾ, "ಹನ್ನೊಂದೇನು, ಅಷ್ಟರಲ್ಲಿ ಇವನಿಗೊಂದು ಒಳ್ಳೆ ಬೂಟು ಕೊಡಿಸಬಹುದು," ಎಂದಳಂತೆ.

ಆದರೆ ನಿಯಮಾವಳಿಯಲ್ಲಿ, ಸುರಕ್ಷತೆಯ ದೃಷ್ಟಿಯಿಂದ ಯಾವುದೇ ಪ್ಲಗ್ಗನ್ನು ಅಧಿಕಾರಿ ಯಾವಾಗ ಬೇಕಾದರೂ ಮರುಪರಿಶೀಲನೆ ಮಾಡಬಹುದು ಎಂದಿದೆ. ಅದರ ಪ್ರಕಾರ ಪ್ರತಿದಿನ ಸಂಜೆ ನಾಲ್ಕಕ್ಕೆ ಅಧಿಕಾರಿಯ ಬೂಟುಗಳು ಸೆನೋಬಿಯಾಳ ಬಾಗಿಲ ಹೊರಗೆ ಕಾಣಿಸಿಕೊಳ್ಳುತ್ತವೆ. ಪರಿಶೀಲನೆಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಬಿಸಿಲು ತಾಗಿದರೆ ಅಳತೆ ತಪ್ಪುವುದರಿಂದ ಕಿಟಕಿಗಳನ್ನು ಮುಚ್ಚಲಾಗುತ್ತದೆ. ಒಂದು ಪ್ಲಗ್ಗನ್ನು ನೂರ ನಲವತ್ತು ಸಲ ಪರಿಶೀಲಿಸಿದ್ದೇಕೆಂದು ನಿಕೊಲಾಸಾ ದೂರು ಕೊಟ್ಟಳು. ಪುರಸಭೆ ಕಡತ ತರಿಸಿ ನೋಡಿ, ನೂರ ನಲವತ್ತು ಸಲವೂ "ಸುಸ್ಥಿತಿಯಲ್ಲಿದೆ" ಎಂದೇ ಷರಾ ಇರುವುದನ್ನು ಮೆಚ್ಚಿ, ಸೆನೋಬಿಯಾಳ ಮನೆಗೆ ಜಿಲ್ಲೆಯ ಅತ್ಯಂತ ಸುರಕ್ಷಿತ ಮನೆ ಎಂಬ ಫಲಕ ಕೊಟ್ಟಿತು.

ಪರಿಶೀಲನೆ ಮುಗಿಸಿ ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು ನಿಯಮದಂತೆ ಬೈಯುತ್ತಾಳೆ, ಆತ ಬೂಟಿನ ದಾರ ಕಟ್ಟಿಕೊಳ್ಳುತ್ತಾ ನಿಯಮದಂತೆ ಬೈಸಿಕೊಳ್ಳುತ್ತಾನೆ, ಬೀದಿಯವರು ಐಸು ಚೀಪುತ್ತಾ ನಿಯಮದಂತೆ ನಂಬುತ್ತಾರೆ.